ಪಾತ್ರೆಯಿಂದ ತೆಗೆದ ಈರುಳ್ಳಿ

ಸಾಸ್ ಬಾಟಲಿಗಳ ಕಪಾಟಿನ ಮುಂದೆ ನಿಂತು ಓರ್ನೆಲ್ಲ ಒಂದೊಂದೇ ಬಾಟಲಿಯನ್ನು ಕೈಗೆತ್ತಿಕೊಂಡು, ಅದರ ಬೆನ್ನು ತಿರುಗಿಸಿ, ಸಣ್ಣ ಅಕ್ಷರಗಳನ್ನು ಓದಿ, ಮತ್ತೆ ಇದ್ದ ಜಾಗಕ್ಕೇ ಸರಿಸುತ್ತಿದ್ದಳು. ಬಾಟಲಿಯ ಮುಖದ ಮೇಲೆ ಕೆಂಪು ಟೊಮೇಟೊ, ಹಸಿರು ಕಾಮಕಸ್ತೂರಿ ಎಲೆ, ನಗುವ ಅಜ್ಜಿಯ ಚಿತ್ರ. ಬೆನ್ನ ಮೇಲೆ ಈರುಳ್ಳಿ, ಬೆಳ್ಳುಳ್ಳಿ. ಕೆಲವುಗಳಲ್ಲಿ ಅವುಗಳ ಹೆಸರೇ ಇರಲಿಲ್ಲ. 'ಮಸಾಲೆ' ಎಂದೋ 'ಸಹಜ ಸುವಾಸನೆ' ಎಂದೋ ಬರೆದು ಕೈತೊಳೆದುಕೊಂಡಿದ್ದರು. ಅವಳಿಗೆ ಹೆಚ್ಚು ಹೆದರಿಕೆಯಾಗುತ್ತಿದ್ದುದು ಅಂಥವನ್ನು ಕಂಡರೇ.

"ಇದು ಹೇಗೆ?" ಎಂದು ಗಂಡ ಸವೇರಿಯೊ ಒಂದು ಬಾಟಲಿ ತೋರಿಸಿದ.

"ಅಣಬೆ ಇದೆ. ಆಗಲ್ಲ."

"ಈ ಬಿಳೀದು?"

"ಕೆನೆ, ಹಾಲು. ಅದರ ಮೇಲೆ ಬೆಳ್ಳುಳ್ಳಿ ಪುಡಿ ಬೇರೆ."

"ಅಲ್ಲ ಕಣೇ, ನಿನ್ನ ಹೊಟ್ಟೆಗಿಂತ ನಮ್ಮ ಪಾದ್ರಿಗಳೇ ವಾಸಿ. ಅವರು ವಾರಕ್ಕೊಂದು ದಿನ ಮಾತ್ರ ಮಾಂಸ ಬೇಡ ಅಂತಾರೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಅವಳ ಕೊನೆಯ ಪರೀಕ್ಷೆ. ತರಬೇತಿ ಮುಗಿಸಿದ ರೈಲು ಚಾಲಕಿ, ಪರೀಕ್ಷಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಬರ್ನಿನ ನಡುವಿನಿಂದ ಉತ್ತರದ ಕೊನೆಯ ನಿಲ್ದಾಣದವರೆಗೆ ಒಬ್ಬಳೇ ರೈಲು ನಡೆಸಬೇಕು. ಚಾಲಕರ ಕೋಣೆಯಲ್ಲಿ ಒಂದು ಕುರ್ಚಿ, ರೈಲು ಓಡಿಸುವ ಒಂದು ಹಿಡಿ, ಮುಂದೆ ದೊಡ್ಡ ಗಾಜು. ಶೌಚಾಲಯವಿಲ್ಲ. ಒಮ್ಮೆ ಹೊರಟರೆ ಕೊನೆ ಮುಟ್ಟುವವರೆಗೆ ಎದ್ದು ಹೋಗುವ ಹಾಗಿಲ್ಲ.

ಒಮ್ಮೆ ಅವಳು ಎದ್ದು ಹೋಗಿದ್ದಳು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ತರಬೇತಿಯ ದಿನಗಳಲ್ಲಿ, ಬೆಳಗಿನ ಜನಜಂಗುಳಿಯ ಹೊತ್ತಿನಲ್ಲಿ, ಹೊಟ್ಟೆಯನ್ನು ಯಾರೋ ಬಟ್ಟೆ ಹಿಂಡಿದಂತೆ ಹಿಂಡತೊಡಗಿದ್ದರು. ಕಣ್ಣು ಕತ್ತಲಿಟ್ಟು ಬಂದಿತ್ತು. ಹೇಗೋ ಮುಂದಿನ ನಿಲ್ದಾಣದಲ್ಲಿ ರೈಲು ನಿಲ್ಲಿಸಿ, ಹೇಳದೆ ಕೇಳದೆ ಬಾಗಿಲು ತೆಗೆದು ಓಡಿದ್ದಳು. ರೈಲು ಕಾಯಿತು, ಹಿಂದಿನ ರೈಲುಗಳೂ ಕಾದವು. ವಾಪಸು ಬರುವಾಗ ಡಬ್ಬಿಗಳ ಕಿಟಕಿಗಳಲ್ಲೆಲ್ಲ ಮುಖಗಳು. ಇನ್ನೊಂದು ಸಲ ಹೀಗಾದರೆ ಚಾಲಕಿಯಾಗಿ ಮುಂದುವರಿಸುವುದು ಕಷ್ಟ ಎಂದು ತರಬೇತಿಯವರು ಮೃದುವಾಗಿಯೇ ಹೇಳಿದ್ದರು. ಮೃದುವಾಗಿ ಹೇಳಿದ್ದರಿಂದಲೇ ಅವಳ ಎದೆಯಲ್ಲಿ ಅದು ಇನ್ನೂ ಆಳಕ್ಕೆ ಇಳಿದಿತ್ತು.

ಆಮೇಲೆ ವೈದ್ಯರು ಪರೀಕ್ಷೆಗಳನ್ನು ಮಾಡಿಸಿ, ಹೆದರುವಂಥ ರೋಗ ಇಲ್ಲ, ಕರುಳು ಮುಂಗೋಪಿ ಅಷ್ಟೆ ಎಂದು ಥುಯ್ ಎಂಬ ಆಹಾರ ತಜ್ಞೆಯ ಹತ್ತಿರ ಕಳಿಸಿದ್ದರು. ಥುಯ್ ಕೊಟ್ಟದ್ದು ಲೋ ಫಾಡ್‌ಮ್ಯಾಪ್ ಎಂಬ ಪಥ್ಯ. ಕೆಲವು ಪದಾರ್ಥಗಳಲ್ಲಿರುವ ಸಕ್ಕರೆಗಳು ಕೆಲವರ ಕರುಳಿನಲ್ಲಿ ಅರಗದೆ ಹುಳಿತು, ನೀರೆಳೆದು, ಗಾಳಿ ತುಂಬಿ ಸಂಕಟ ಕೊಡುತ್ತವೆ. ಅಂಥವನ್ನು ಸ್ವಲ್ಪ ಕಾಲ ದೂರವಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡಬೇಕು. ಗೋಧಿ ಬೇಡ, ಅಕ್ಕಿಯ ಪಾಸ್ತಾ ಆಗಬಹುದು. ಟೊಮೇಟೊ ಹಿತಮಿತವಾಗಿ. ಈರುಳ್ಳಿ, ಬೆಳ್ಳುಳ್ಳಿ ಸುತರಾಂ ಕೂಡದು. "ನಿಮ್ಮ ಇಟಾಲಿಯನ್ ಮನೆಗಳಲ್ಲಿ ಇದು ಕಷ್ಟ, ಗೊತ್ತು," ಎಂದು ಥುಯ್ ಅವಳ ಕೈ ಮೇಲೆ ಕೈಯಿಟ್ಟು ಹೇಳಿದ್ದಳು. "ನಮ್ಮ ಮನೇಲೂ ಅಷ್ಟೇ ಕಷ್ಟ."

ಕಪಾಟಿನ ಕೆಳಸಾಲಿನಲ್ಲಿ, ಬಗ್ಗಿದರೆ ಮಾತ್ರ ಕಾಣುವ ಜಾಗದಲ್ಲಿ, ಅವಳಿಗೆ ಬೇಕಾದ್ದು ಸಿಕ್ಕಿತು. ಟೊಮೇಟೊ, ಆಲಿವ್ ಎಣ್ಣೆ, ಕಾಮಕಸ್ತೂರಿ, ಉಪ್ಪು. ಮತ್ತೇನೂ ಇಲ್ಲ. ಎರಡೆರಡು ಸಲ ಓದಿದಳು.

"ಸೋಮವಾರಕ್ಕೇನೋ ಸರಿ. ನಾಳೆಗೆ ಏನ್ಮಾಡ್ತೀಯ?" ಎಂದ ಸವೇರಿಯೊ.

"ನಾಳೆಗೇ ಇದು."

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಹುಚ್ಚು ಹಿಡೀತಾ ನಿನಗೆ? ಸಾಸ್ ದಿನ ನಮ್ಮಮ್ಮನ ಮನೆಗೆ ಅಂಗಡಿ ಸಾಸ್ ತಗೊಂಡು ಹೋಗ್ತೀಯಾ? ಅಪ್ಪ ಸಮಾಧಿಯಿಂದ ಎದ್ದು ಬರ್ತಾರೆ."

"ಬ್ಯಾಗಲ್ಲಿರುತ್ತೆ. ಯಾರೂ ನೋಡಲ್ಲ. ಬೇಕಾದ್ರೆ ಮಾತ್ರ."

"ಅಮ್ಮನಿಗೆ ಹೇಳಿದೀವಲ್ಲ, ಈರುಳ್ಳಿ ಹಾಕಲ್ಲ ಅಂತ ಒಪ್ಪಿಕೊಂಡಿದಾರೆ."

ಒಪ್ಪಿಕೊಂಡಿದ್ದರು ನಿಜ. ಆದರೆ ಯಾಕೆ ಎಂದು ಅವರಿಗೆ ಪೂರ್ತಿ ತಿಳಿದಿರಲಿಲ್ಲ. ನಿಲ್ದಾಣದಲ್ಲಿ ಓಡಿದ ಸಂಗತಿಯನ್ನು ಓರ್ನೆಲ್ಲ ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗಂಡನ ಅಕ್ಕ ಗ್ರಾಝಿಯೆಲ್ಲಳ ಬಾಯಿಗೆ ಅದು ವರ್ಷಕ್ಕಾಗುವಷ್ಟು ತಿಂಡಿ.

* * *

ಭಾನುವಾರ ಬೆಳಿಗ್ಗೆ ರಿಸರ್ವಾಯರ್ ಬಡಾವಣೆಯ ಅತ್ತೆಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಕಾರು ಹೊರಗೆ ಹೋಗಿ ಟೊಮೇಟೊ ಒಳಗೆ ಬಂದಿತ್ತು. ಫೆಬ್ರವರಿಯ ಕೊನೆಯ ಬಿಸಿಲು ತಗಡಿನ ಮೇಲೆ ಆಗಲೇ ಕಾಯುತ್ತಿತ್ತು. ಪೆಟ್ಟಿಗೆಗಟ್ಟಲೆ ಹಣ್ಣು, ತೊಳೆಯುವ ತೊಟ್ಟಿ, ಸಿಪ್ಪೆ ಬೀಜ ಒಂದು ಕಡೆ ರಸ ಒಂದು ಕಡೆ ಮಾಡುವ ಯಂತ್ರ, ವರ್ಷವಿಡೀ ಕೂಡಿಟ್ಟ ಖಾಲಿ ಬಿಯರ್ ಬಾಟಲಿಗಳು. ಅಂಗಳದಲ್ಲಿ ದೊಡ್ಡ ಕಬ್ಬಿಣದ ಪೀಪಾಯಿಯ ಕೆಳಗೆ ಬೆಂಕಿ ಹೊತ್ತಿಸಿ, ಸವೇರಿಯೊನ ಚಿಕ್ಕಪ್ಪ ನುನ್ಸಿಯೊ ಕೋಲು ಹಿಡಿದು ಕೂತಿದ್ದರು. ರಸ ತುಂಬಿ ಮುಚ್ಚಳ ಬಡಿದ ಬಾಟಲಿಗಳನ್ನು ಹಳೆಯ ಚಿಂದಿಗಳ ನಡುವೆ ಹುದುಗಿಸಿ ಆ ಪೀಪಾಯಿಯಲ್ಲಿ ಕುದಿಸಬೇಕು. ಮುಂದಿನ ಬೇಸಿಗೆಯವರೆಗೆ ಮನೆಯವರೆಲ್ಲರ ಪಾಸ್ತಾಗೆ ಅದೇ ಸಾಸ್.

ಅತ್ತೆ ಇಮ್ಮಾಕೊಲಾತ ಅವಳನ್ನು ಕಂಡ ಕೂಡಲೇ ಎರಡೂ ಕೆನ್ನೆಗೆ ಮುತ್ತಿಟ್ಟು, ತೋಳನ್ನು ಬೆರಳುಗಳಿಂದ ಅಳೆದರು.

"ಎಷ್ಟು ಸೊರಗಿದೀಯ ಮಗಳೇ! ಆ ರೈಲಿನವರು ಊಟಕ್ಕೂ ಬಿಡಲ್ವಾ?"

"ಪಥ್ಯ ಅಲ್ವಾ ಮಮ್ಮಾ."

"ಪಥ್ಯ! ಜ್ವರ ಬಂದೋರಿಗೆ ಪಥ್ಯ. ಇರ್ಲಿ, ನಿನಗೆ ಅಂತ ಇವತ್ತು ಬೇರೇನೇ ಮಾಡ್ತಿದೀನಿ. ನಿನ್ನ ಅಕ್ಕಿ ಪಾಸ್ತಾನೂ ತರಿಸಿದೀನಿ, ಎಲ್ಲರಿಗೂ ಅದೇ. ನೀನೊಬ್ಬಳೇ ಬೇರೆ ತಟ್ಟೇಲಿ ತಿನ್ನೋದು ನನಗೆ ನೋಡಕ್ಕಾಗಲ್ಲ."

ಓರ್ನೆಲ್ಲಳ ಕಣ್ಣು ತುಂಬಿ ಬಂತು. ಹೆಗಲಿನ ಬ್ಯಾಗನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಒಳಗಿನ ಬಾಟಲಿ ಸೊಂಟಕ್ಕೆ ತಗಲಿ ತಣ್ಣಗೆನಿಸಿತು. ಕಳ್ಳತನದ ಮಾಲಿನಂತೆ ಅದನ್ನು ಒಯ್ದು ಒಳಕೋಣೆಯ ಬಾಗಿಲ ಹಿಂದೆ ನೇತುಹಾಕಿ ಬಂದಳು.

ಸಾಸ್ ದಿನದ ಮಧ್ಯಾಹ್ನದ ಊಟ ಆ ಮನೆಯಲ್ಲಿ ಹಬ್ಬದ ಊಟಕ್ಕಿಂತ ಹೆಚ್ಚು. ಯಂತ್ರದಿಂದ ಮೊದಲು ಇಳಿದ ರಸವನ್ನು ಬಾಟಲಿಗೆ ಹಾಕುವುದಿಲ್ಲ. ನೇರವಾಗಿ ಒಲೆಗೇರಿಸಿ ಅಂದಿನ ಪಾಸ್ತಾಗೆ ಸಾಸ್ ಮಾಡುತ್ತಾರೆ. ಆ ಪಾತ್ರೆಯ ಉಪ್ಪು ಹುಳಿ ನೋಡುವವಳು ಮನೆಯ ಕಿರಿಯ ಸೊಸೆ. ಮೇಜಿನ ಮೇಲೆ ಮೊದಲ ತುತ್ತು ಎತ್ತುವವಳೂ ಅವಳೇ. ಅವಳು ಎತ್ತಿದ ಮೇಲೆ ಉಳಿದವರು. ಇಮ್ಮಾಕೊಲಾತ ಸೊಸೆಯಾಗಿ ಬಂದಾಗ ಅವರ ಅತ್ತೆ ಹಾಗೇ ಮಾಡಿಸಿದ್ದರಂತೆ, ಅದಕ್ಕೂ ಮುಂಚೆ ಇಟಲಿಯ ಕಲಾಬ್ರಿಯಾದಲ್ಲಿ ಆ ಅತ್ತೆಯ ಅತ್ತೆ.

ಓರ್ನೆಲ್ಲ ಬಾಟಲಿಗೊಂದೊಂದು ಕಾಮಕಸ್ತೂರಿ ಎಲೆ ಹಾಕುತ್ತ ಕೂತಿದ್ದಾಗ ಅತ್ತೆ ಮರದ ಚಮಚ ಹಿಡಿದು, ಕೆಳಗೆ ಅಂಗೈ ಒಡ್ಡಿಕೊಂಡು ಬಂದರು.

"ಬಾಯಿ ತೆಗಿ. ಉಪ್ಪು ನೋಡು."

"ಮಮ್ಮಾ, ಈರುಳ್ಳಿ…"

"ಒಂದು ಚೂರೂ ಇಲ್ಲ! ಬೆಳ್ಳುಳ್ಳೀನೂ ಇಲ್ಲ. ನಿನ್ನ ಮಾವನಾಣೆ. ತೆಗಿ ಬಾಯಿ."

ಅವಳು ಬಾಯಿ ತೆರೆದಳು. ಬಿಸಿ, ಹುಳಿ, ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಮೆಲ್ಲಗೆ ಹರಡುವ ಸಿಹಿ. ಎಷ್ಟು ದಿನವಾಗಿತ್ತು ಸಾಸ್ ಸಾಸ್‌ನಂತೆ ರುಚಿಸಿ! ಉಪ್ಪು ಸ್ವಲ್ಪ ಸಾಲದು ಎಂದಳು. ಅತ್ತೆ ಉಪ್ಪು ಹಾಕಿಕೊಂಡು ಮತ್ತೆ ಬಂದರು. ಇನ್ನೊಂದು ಚಮಚ. ಈಗ ಸರಿಯಾಯಿತಾ ಎಂದು ಮಗದೊಂದು.

"ಹೇಗಿದೆ?"

"ತುಂಬಾ ಚೆನ್ನಾಗಿದೆ ಮಮ್ಮಾ." ಹಾಗೆನ್ನುವಾಗಲೇ ಒಳಗೆಲ್ಲೋ ಒಂದು ಸಣ್ಣ ಅಳುಕು ತಲೆಯೆತ್ತಿತು. ಬರೀ ಟೊಮೇಟೊಗೆ ಇಷ್ಟು ಸಿಹಿ ಎಲ್ಲಿಂದ ಬಂತು? ಹಣ್ಣು ಚೆನ್ನಾಗಿ ಮಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

"ನೋಡಿದ್ರಾ?" ಇಮ್ಮಾಕೊಲಾತ ಅಂಗಳದ ಕಡೆ ತಿರುಗಿ ಕೂಗಿ ಹೇಳಿದರು. "ಈರುಳ್ಳಿ ಇಲ್ದೆ ಸಾಸ್ ಆಗಲ್ಲ ಅಂತಿದ್ಯಲ್ಲ ನುನ್ಸಿಯೊ! ಬಂದು ನೋಡು!"

"ನನ್ನ ಪಾಲಿಗೆ ನಾನು ಹಸಿ ಈರುಳ್ಳಿ ಕಚ್ಚಿಕೊಳ್ತೀನಿ ಬಿಡಮ್ಮ," ಎಂದರು ಚಿಕ್ಕಪ್ಪ, ಹೊಗೆಗೆ ಕಣ್ಣು ಕಿರಿದು ಮಾಡಿ.

ಎಲೆಗಳ ಕೆಲಸ ಮುಗಿದ ಮೇಲೆ ಓರ್ನೆಲ್ಲ ಸಿಪ್ಪೆಯ ಬಕೆಟ್ಟನ್ನು ಅಂಜೂರದ ಮರದ ಬುಡಕ್ಕೆ ಸುರಿಯಲು ಎತ್ತಿಕೊಂಡಳು. ಅಡುಗೆಮನೆಯ ಬಕೆಟ್ಟೂ ಪಕ್ಕದಲ್ಲೇ ಇತ್ತು. ಎರಡನ್ನೂ ಒಟ್ಟಿಗೆ ಸುರಿಯೋಣವೆಂದು ಅದರ ಮೇಲಿನ ತಟ್ಟೆ ಸರಿಸಿದಳು.

ಕೆಂಪು ಸಿಪ್ಪೆಗಳ ಮೇಲೆ ಒಂದು ಇಡೀ ಈರುಳ್ಳಿ ಕೂತಿತ್ತು.

ಬೆಂದು ಮೆತ್ತಗಾಗಿ, ಪದರ ಪದರ ಸಡಿಲಗೊಂಡು, ಟೊಮೇಟೊ ಬಣ್ಣ ಕುಡಿದು ಗುಲಾಬಿಯಾಗಿದ್ದ ಈರುಳ್ಳಿ. ಅದರ ಪಕ್ಕದಲ್ಲೇ ಸುಲಿದ ಬೆಳ್ಳುಳ್ಳಿಯ ಎಸಳುಗಳು, ಅವೂ ಬೆಂದವು. ಇನ್ನೂ ಸಣ್ಣಗೆ ಹಬೆಯಾಡುತ್ತಿದ್ದವು.

ಅತ್ತೆ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಪಾತ್ರೆಯಲ್ಲಿ ಈರುಳ್ಳಿ ನಿಜವಾಗಿಯೂ ಇರಲಿಲ್ಲ. ಹಾಕಿ, ಸತ್ವ ಇಳಿಸಿ, ತೆಗೆದುಬಿಟ್ಟಿದ್ದರು. ಪ್ರತಿ ವರ್ಷ ಸಣ್ಣಗೆ ಹೆಚ್ಚಿ ಹಾಕುತ್ತಿದ್ದವರು ಈ ವರ್ಷ ಸೊಸೆಗೋಸ್ಕರ ಇಡಿಯಾಗಿ ಹಾಕಿದ್ದರು, ಒಂದು ಎಳೆಯೂ ಉಳಿಯದಂತೆ ಎತ್ತಿ ತೆಗೆಯಲೆಂದು. ಆದರೆ ಥುಯ್ ಮೊದಲ ದಿನವೇ ಹೇಳಿದ್ದಳು. ಈರುಳ್ಳಿಯ ಆ ಸಕ್ಕರೆ ನೀರಿನಲ್ಲಿ ಕರಗುತ್ತದೆ. ನೀರಿರುವ ಪಾತ್ರೆಗೆ ಹಾಕಿ ತೆಗೆದರೆ ಈರುಳ್ಳಿ ಮಾತ್ರ ಹೊರಗೆ ಬರುತ್ತದೆ, ಸಂಕಟ ಅಲ್ಲೇ ಉಳಿಯುತ್ತದೆ.

ಎಷ್ಟು ಚಮಚ ತಿಂದೆ? ಚಮಚ ಎಷ್ಟು ದೊಡ್ಡದಿತ್ತು? ಅವಳು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಏನೋ ಸಣ್ಣಗೆ ಹೊರಳಿತು. ಅದು ಸಾಸೋ ಭಯವೋ ತಿಳಿಯಲಿಲ್ಲ. ಕಿಟಕಿಗಳಲ್ಲಿದ್ದ ಆ ಮುಖಗಳೆಲ್ಲ ಮತ್ತೆ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು.

"ಊಟಕ್ಕೆ ಬನ್ನಿ!" ಅತ್ತೆಯ ದನಿ.

* * *

ದ್ರಾಕ್ಷಿ ಚಪ್ಪರದ ಕೆಳಗೆ ಮೇಜು ಹಾಕಿದ್ದರು. ಅಗಲವಾದ ತಟ್ಟೆಯಲ್ಲಿ ಕೆಂಪು ಹೊದ್ದ ಪಾಸ್ತಾ ಹಬೆಯಾಡುತ್ತಿತ್ತು. ಮೊದಲು ಬಡಿಸಿದ್ದು ಓರ್ನೆಲ್ಲಳಿಗೆ. ನುನ್ಸಿಯೊ ಚಿಕ್ಕಪ್ಪ ಕೈತೊಳೆದು ಬಂದು ಕೂತರು. ಸವೇರಿಯೊ ಹೆಂಡತಿಯ ಮುಖ ನೋಡಿ, ಹುಬ್ಬಿನಲ್ಲೇ ಏನಾಯಿತು ಎಂದು ಕೇಳಿದ. ಅವಳು ಏನಿಲ್ಲವೆಂದು ತಲೆಯಾಡಿಸಿದಳು.

ಫೋರ್ಕ್ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ತಿಂದರೆ ಸಂಕಟ ನಾಳೆ. ತಿನ್ನದಿದ್ದರೆ ಈಗ. ಎದುರಿಗೆ ಅತ್ತೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಗೆ ಕೂತ ಹುಡುಗಿಯಂತೆ ಅವಳ ಬಾಯನ್ನೇ ನೋಡುತ್ತಿದ್ದರು. ಕಾಮಕಸ್ತೂರಿಯ ಕಲೆ ಹತ್ತಿ ಅವರ ಬೆರಳ ತುದಿಗಳು ಕಪ್ಪಾಗಿದ್ದವು.

ಅಷ್ಟರಲ್ಲಿ ಒಳಗಿನಿಂದ ಗ್ರಾಝಿಯೆಲ್ಲಳ ದನಿ ಬಂತು. "ಏನಿದು! ಅಯ್ಯೋ ದೇವರೇ, ಎಲ್ಲಾರೂ ನೋಡಿ ಇಲ್ಲಿ!"

ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು ಹುಡುಕಲು ಓರ್ನೆಲ್ಲಳ ಬ್ಯಾಗಿಗೆ ಕೈಹಾಕಿದ್ದ ಗ್ರಾಝಿಯೆಲ್ಲ, ಸತ್ತ ಇಲಿಯನ್ನು ಹಿಡಿದವಳಂತೆ ಎರಡು ಬೆರಳಲ್ಲಿ ಆ ಬಾಟಲಿಯನ್ನು ನೇತಾಡಿಸಿಕೊಂಡು ಹೊರಗೆ ಬಂದಳು.

"ಅಂಗಡಿ ಸಾಸ್! ಸಾಸ್ ದಿನ! ಅಮ್ಮನ ಮನೇಲಿ! ಏನೇ ಓರ್ನೆಲ್ಲ, ಮದುವೆ ಮನೆಗೆ ಬುತ್ತಿ ಕಟ್ಕೊಂಡು ಬಂದ್ಯಾ?"

"ಅಕ್ಕ, ಅದನ್ನ ಒಳಗಿಡು," ಎಂದ ಸವೇರಿಯೊ.

"ಯಾಕಿಡಲಿ? ಅಮ್ಮ ಬೆಳಗಿಂದ ಒಲೆ ಮುಂದೆ ಬೆಂದುಹೋಗಿದಾರೆ. ಇವಳಿಗೆ ಈ ಅಜ್ಜಿ ಬೇಕಂತೆ!" ಎಂದು ಬಾಟಲಿ ಮೇಲಿನ ಚಿತ್ರ ತೋರಿಸಿದಳು.

ಇಮ್ಮಾಕೊಲಾತ ಬಾಟಲಿಯನ್ನು ನೋಡಿದರು, ಸೊಸೆಯ ಕೈಯಲ್ಲಿ ಮೇಲೇರದ ಫೋರ್ಕನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟು ಬರುತ್ತದೆಂದು ಓರ್ನೆಲ್ಲ ಕಾದಳು. ಬರಲಿಲ್ಲ.

"ನಾನು ಮಾಡಿದ್ದು ತಿನ್ನಕ್ಕೆ ಹೆದರಿಕೆ ಆಗುತ್ತಾ ಮಗಳೇ?" ಎಂದರು, ಬಹಳ ಮೆಲ್ಲಗೆ.

ಆ ದನಿ ಕೇಳಿ ಓರ್ನೆಲ್ಲಳಿಗೆ ಇನ್ನು ತಡೆಯಲಾಗಲಿಲ್ಲ. ಫೋರ್ಕ್ ಕೆಳಗಿಟ್ಟಳು. ನಿಲ್ದಾಣ, ಓಟ, ಕಿಟಕಿಗಳ ಮುಖಗಳು, ತರಬೇತಿಯವರ ಮಾತು, ನಾಳಿನ ಪರೀಕ್ಷೆ, ಎಲ್ಲವನ್ನೂ ಹೇಳಿದಳು. ಮಧ್ಯೆ ಮಧ್ಯೆ ಅಳು ಬಂದು ಮಾತು ತುಂಡಾಯಿತು. ಗ್ರಾಝಿಯೆಲ್ಲಳ ಕಡೆ ನೋಡುವ ಧೈರ್ಯವಾಗಲಿಲ್ಲ. ಕೊನೆಗೆ ಬಕೆಟ್ಟಿನಲ್ಲಿ ಕಂಡದ್ದನ್ನು ಹೇಳಿದಳು.

"ಆದ್ರೆ ನಾನು ತೆಗೆದೆನಲ್ಲ," ಎಂದರು ಇಮ್ಮಾಕೊಲಾತ. "ಪೂರ್ತಿ ತೆಗೆದೆ. ಜಾಲರಿ ಹಾಕಿ ನೋಡ್ದೆ, ಒಂದು ಎಳೆ ಉಳಿದಿಲ್ಲ."

"ಅದು ನೀರಲ್ಲಿ ಇಳಿದುಬಿಡುತ್ತೆ ಮಮ್ಮಾ. ತೆಗೆದ್ರೂ ಇರುತ್ತೆ."

ಇಮ್ಮಾಕೊಲಾತ ತಟ್ಟೆಯನ್ನು ಹತ್ತಿರಕ್ಕೆಳೆದು ಮೂಸಿದರು. "ಕಡಲೆ ಬೇಯಿಸೋವಾಗ ಪಲಾವ್ ಎಲೆ ಹಾಕಿ ತೆಗೀತೀವಿ. ಎಲೆ ಹೋಗುತ್ತೆ, ಘಮ ಹೋಗಲ್ಲ. ಹಾಗೆ?"

"ಹಾಗೇ."

"ಅಂದ್ರೆ ಬೆಳಿಗ್ಗೆ ನಾನೇ ನಿನ್ನ ಬಾಯಿಗೆ ಚಮಚ ಇಟ್ಟು…" ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಈಗ ಮೇಜಿನ ಸುತ್ತ ಹೆದರಿದವರು ಇಬ್ಬರಾದರು.

ಗ್ರಾಝಿಯೆಲ್ಲ ಬಾಟಲಿಯನ್ನು ಹಿಡಿದೇ ನಿಂತಿದ್ದಳು. ಆಮೇಲೆ ಅದರ ಮುಚ್ಚಳ ತಿರುಗಿಸತೊಡಗಿದಳು. ಅದು ಬರಲಿಲ್ಲ. ತನ್ನ ಲಂಗದ ತುದಿಯಿಂದ ಹಿಡಿದು ಮತ್ತೆ ತಿರುಗಿಸಿದಳು.

"ಅಕ್ಕ, ಏನ್ಮಾಡ್ತಿದೀಯ?"

"ಅವಳ ಊಟಕ್ಕೆ ಇದನ್ನ ಬಿಸಿ ಮಾಡ್ತೀನಿ. ಇನ್ನೇನ್ ಮಾಡ್ಲಿ?"

"ಮುಚ್ಚು ಅದನ್ನ," ಎಂದು ಇಮ್ಮಾಕೊಲಾತ ಎದ್ದರು. "ಬೆಳಿಗ್ಗೆ ನಾವು ಬಾಟಲಿಗೆ ತುಂಬಿರೋದು ಬರೀ ಟೊಮೇಟೊ ಅಲ್ವಾ? ಎಲೆ ನೀನೇ ಹಾಕಿದ್ದು. ಅದು ಆಗುತ್ತಾ?"

"ಆಗುತ್ತೆ ಮಮ್ಮಾ. ಸ್ವಲ್ಪವೇ ಹಾಕಿಕೊಂಡ್ರೆ."

"ಎಣ್ಣೇಲಿ ಬೆಳ್ಳುಳ್ಳಿ ಹುರಿದು ತೆಗೆದ್ರೆ? ನೀರಿಲ್ಲ. ಬರೀ ಎಣ್ಣೆ."

"ಅದು ಆಗುತ್ತೆ. ಎಣ್ಣೆಗೆ ಅದು ಇಳಿಯಲ್ವಂತೆ. ಆದ್ರೆ ಟೊಮೇಟೊ ಹಾಕೋಕೆ ಮುಂಚೆ ಪೂರ್ತಿ ತೆಗೀಬೇಕು."

"ನೀನು ಬಾ. ಪಕ್ಕದಲ್ಲೇ ನಿಂತು ನೋಡು. ಇನ್ಮೇಲೆ ನಾನು ಆಣೆ ಹಾಕಲ್ಲ, ನೀನೇ ನೋಡು."

ಇಬ್ಬರೂ ಒಳಗೆ ಹೋದರು. ಹೊಸ ಬಾಣಲೆ, ಎಣ್ಣೆ, ಅದರಲ್ಲಿ ಬೆಳ್ಳುಳ್ಳಿಯ ಎಸಳುಗಳು. ಹೊಂಬಣ್ಣಕ್ಕೆ ತಿರುಗುತ್ತಲೇ ಇಮ್ಮಾಕೊಲಾತ ಅವನ್ನು ತೆಗೆದು, ಸೊಸೆಯ ಮುಂದೆ ತಟ್ಟೆಯಲ್ಲಿ ಹರಡಿ, ಹಾಕಿದ್ದೆಷ್ಟು ತೆಗೆದದ್ದೆಷ್ಟು ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ಬಾಟಲಿಯ ರಸ ಸುರಿದರು. ಚುರ್ರೆಂದಿತು. ಹೊರಗೆ, ಹಸಿದು ಕೂತವರ ತಟ್ಟೆಗಳಲ್ಲಿ ಪಾಸ್ತಾ ಆರುತ್ತಿತ್ತು. ಯಾರೂ ತುತ್ತೆತ್ತಲಿಲ್ಲ. ಕಿರಿಯ ಸೊಸೆ ಇನ್ನೂ ಎತ್ತಿರಲಿಲ್ಲವಲ್ಲ. ನುನ್ಸಿಯೊ ಚಿಕ್ಕಪ್ಪ ಮಾತ್ರ ಖಾಲಿ ಫೋರ್ಕನ್ನು ಒಮ್ಮೆ ನೆಕ್ಕಿ ಕೆಳಗಿಟ್ಟದ್ದನ್ನು ಓರ್ನೆಲ್ಲ ಕಿಟಕಿಯಿಂದ ಕಂಡಳು.

ಹೊಸ ಸಾಸ್ ಹಾಕಿಕೊಂಡು ಅವಳು ಮೊದಲ ತುತ್ತು ತಿಂದಳು. ರುಚಿ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅವಳ ಗಮನವೆಲ್ಲ ಹೊಟ್ಟೆಯ ಒಳಗೆ, ಆ ಬೆಳಗಿನ ಚಮಚಗಳ ಮೇಲಿತ್ತು.

ಮಧ್ಯಾಹ್ನ ಸರಿದಂತೆ ಹೊಟ್ಟೆ ಉಬ್ಬಿತು. ಸೊಂಟಪಟ್ಟಿ ಬಿಗಿಯಾಯಿತು. ಪೀಪಾಯಿಯಲ್ಲಿ ಬಾಟಲಿಗಳು ಕುದಿಯುತ್ತ ಒಂದಕ್ಕೊಂದು ತಗಲಿ ಸದ್ದು ಮಾಡುತ್ತಿದ್ದವು. ಪ್ರತಿ ಸದ್ದಿಗೂ ಅವಳ ಹೊಟ್ಟೆ ಉತ್ತರ ಕೊಟ್ಟಂತಾಗುತ್ತಿತ್ತು. ಹಿಂದಿನ ಸಲವೂ ಶುರುವಾದದ್ದು ಹೀಗೇ. ಒಳಕೋಣೆಯ ಮಂಚದ ಮೇಲೆ ಮುದುಡಿ ಮಲಗಿದಳು.

ಬಾಗಿಲಲ್ಲಿ ಇಮ್ಮಾಕೊಲಾತ ಬಿಸಿ ಲೋಟ ಹಿಡಿದು ನಿಂತರು. ಒಳಗೆ ಬರಲಿಲ್ಲ. "ಸೋಂಪಿನ ಕಷಾಯ. ಹೊಟ್ಟೆಗೆ ಒಳ್ಳೇದು ಅಂತ ಮಾಡ್ದೆ. ಆಮೇಲೆ ಜ್ಞಾಪಕ ಬಂತು, ಕೇಳ್ಬೇಕು ಅಂತ. ಇದು ಆಗುತ್ತಾ?"

ಓರ್ನೆಲ್ಲ ಎದ್ದು ಕೂತಳು. ಬೇಡ ಎನ್ನಲು ಬಾಯಿ ಬರಲಿಲ್ಲ ಮೊದಲಿಗೆ. ಆಮೇಲೆ ಬಂತು. "ಆಗಲ್ಲ ಮಮ್ಮಾ. ಸೋಂಪಿನ ಕಷಾಯನೂ ಬೇಡ ಅಂದಿದಾರೆ. ಪುದೀನಾದ್ದಾದ್ರೆ ಆಗುತ್ತೆ."

"ಪುದೀನಾ." ಅವರು ತಲೆದೂಗಿ ಹೊರಟರು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಅವರು ಬಗ್ಗಿ ಎಲೆ ಕೀಳುವುದು ಕಾಣಿಸಿತು, ಪಕ್ಕದಲ್ಲಿ ಗ್ರಾಝಿಯೆಲ್ಲ ಬಿಸಿಲಿಗೆ ಅಮ್ಮನ ತಲೆಯ ಮೇಲೆ ಟವೆಲ್ ಹಿಡಿದಿದ್ದಳು.

ಪುದೀನಾ ಲೋಟ ತಂದುಕೊಟ್ಟವಳು ಗ್ರಾಝಿಯೆಲ್ಲ. "ನಾನು ಯಾರಿಗೂ ಹೇಳಲ್ಲ," ಎಂದಳು. ಬಾಗಿಲ ತನಕ ಹೋಗಿ ತಿರುಗಿ, "ನನ್ನ ಗಂಡನಿಗೆ ಮಾತ್ರ," ಎಂದಳು. ಓರ್ನೆಲ್ಲ ಆ ದಿನ ಮೊದಲ ಸಲ ನಕ್ಕಳು. ನಕ್ಕಾಗ ಹೊಟ್ಟೆ ನೋಯಿತು.

* * *

ಸೋಮವಾರ ಬೆಳಿಗ್ಗೆ ಹೊಟ್ಟೆ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ. ಬರುವುದಿದ್ದರೆ ಬಂದುಹೋಗಬಾರದೇ?

ಪರೀಕ್ಷಕಿ ಬ್ರೊನ್ವಿನ್ ನರೆಗೂದಲಿನ, ಮಾತು ಕಡಿಮೆಯ ಹೆಂಗಸು. ಚಾಲಕರ ಕೋಣೆಗೆ ಹತ್ತಿ, ಪಕ್ಕದ ಮಡಚು ಕುರ್ಚಿ ಬಿಡಿಸಿ ಕೂತರು. ಓರ್ನೆಲ್ಲ ಹಿಡಿಯ ಮೇಲೆ ಕೈಯಿಟ್ಟಳು. ಸೋಂಪಿನ ಲೋಟದ ಮುಂದೆ "ಆಗಲ್ಲ" ಎಂದ ತನ್ನದೇ ದನಿ ನೆನಪಾಯಿತು.

"ಹೊರಡೋಕೆ ಮುಂಚೆ ಒಂದು ಮಾತು," ಎಂದಳು. "ನನಗೆ ಕರುಳಿನ ತೊಂದರೆ ಇದೆ. ನಿನ್ನೆ ತಿನ್ನಬಾರದ್ದು ಹೊಟ್ಟೆಗೆ ಹೋಗಿದೆ. ಸುಮ್ಮನೆ ಇರಬಹುದು, ಇಲ್ದೇನೂ ಇರಬಹುದು. ತೀರಾ ಆಗದಿದ್ರೆ ನಿಲ್ದಾಣದಲ್ಲೇ ನಿಲ್ಲಿಸ್ತೀನಿ, ಕಂಟ್ರೋಲ್ ರೂಮಿಗೆ ಮೊದಲೇ ಹೇಳ್ತೀನಿ. ಹಿಂದಿನ ಸಲದ ಹಾಗೆ ಹೇಳದೆ ಓಡಲ್ಲ."

ಬ್ರೊನ್ವಿನ್ ಕನ್ನಡಕದ ಮೇಲಿಂದ ನೋಡಿದರು. "ಹಿಂದಿನ ಸಲ ತಪ್ಪಾಗಿದ್ದು ನೀನು ನಿಲ್ಲಿಸಿದ್ದಲ್ಲ, ಹೇಳದೇ ಹೋಗಿದ್ದು. ಅದನ್ನ ನಿನಗೆ ಯಾರೂ ಹೇಳ್ಲಿಲ್ವಾ?" ಮುಂದಕ್ಕೆ ಕೈ ತೋರಿಸಿ, "ಸಿಗ್ನಲ್ ಹಸಿರಾಗಿದೆ," ಎಂದರು.

ರೈಲು ಹೊರಟಿತು. ನಗರದ ಗೋಡೆಗಳು ಹಿಂದೆ ಸರಿದವು. ನದಿ ದಾಟುವಾಗ ಮೊದಲ ಸೆಳೆತ ಬಂತು. ಎಡಗಡೆಯಿಂದ ಎದ್ದು, ಹೊಟ್ಟೆಯ ಅಡ್ಡಕ್ಕೆ ಹಗ್ಗ ಎಳೆದಂತೆ. ಅವಳು ಉಸಿರು ಬಿಗಿಹಿಡಿದಳು. ಹಣೆಯಲ್ಲಿ ಬೆವರು ಒಡೆಯಿತು. ಮುಂದಿನ ನಿಲ್ದಾಣದವರೆಗೆ, ಅಷ್ಟೇ, ಎಂದುಕೊಂಡಳು. ಬೇಕಾದರೆ ಹೇಳುವುದು, ನಿಲ್ಲಿಸುವುದು. ಹಗ್ಗ ಇನ್ನೂ ಬಿಗಿಯಿತು. ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಳು. ಪಕ್ಕದಲ್ಲಿ ಬ್ರೊನ್ವಿನ್ ಅವಳ ಕಡೆ ತಿರುಗದೆ, ಗಾಜಿನಾಚೆ ನೋಡುತ್ತಲೇ, ಕಿಟಕಿಯನ್ನು ಒಂದಿಷ್ಟು ಸರಿಸಿದರು. ತಣ್ಣನೆಯ ಗಾಳಿ ಮುಖಕ್ಕೆ ಬಂತು.

ಪ್ಲಾಟ್‌ಫಾರ್ಮ್ ಹತ್ತಿರವಾಗುವಾಗ ಹಗ್ಗ ಸಡಿಲವಾಯಿತು. ಪೂರ್ತಿ ಹೋಗಲಿಲ್ಲ. ಬಾಗಿಲು ತೆರೆದು, ಜನ ಹತ್ತಿ, ಬಾಗಿಲು ಮುಚ್ಚಿದಳು. ಬೆರಳನ್ನು ಗುಂಡಿಯಿಂದ ತೆಗೆದಳು.

ಅತ್ತೆಯ ಮನೆ ಹತ್ತಿರದ ನಿಲ್ದಾಣ ಬಂದಾಗ, ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಚಾಲಕರ ಕೋಣೆ ಬಂದು ನಿಲ್ಲುವ ಜಾಗದಲ್ಲಿ, ಕಪ್ಪು ಉಡುಪಿನ ಕುಳ್ಳನೆಯ ಹೆಂಗಸೊಬ್ಬಳು ನಿಂತಿದ್ದಳು. ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದ ನುನ್ಸಿಯೊ ಚಿಕ್ಕಪ್ಪ. ಚಾಲಕರ ಗಮನ ಕೆಡಿಸಬಾರದು ಎಂದು ಯಾರೋ ಹೇಳಿರಬೇಕು; ಇಮ್ಮಾಕೊಲಾತ ಕೈ ಬೀಸಲಿಲ್ಲ, ಕರೆಯಲಿಲ್ಲ. ತಮ್ಮ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡು, ಹುಬ್ಬೇರಿಸಿ, ಗಾಜಿನೊಳಗೆ ನೋಡಿದರು. ರಾತ್ರಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ ಅದು.

"ಯಾರು?" ಎಂದರು ಬ್ರೊನ್ವಿನ್.

"ನಮ್ಮತ್ತೆ."

"ಹತ್ತಲ್ವಾ ಅವರು?"

"ಇಲ್ಲ. ಸುಮ್ಮನೆ ನೋಡೋಕೆ ಬಂದಿರೋದು."

ಕೊನೆಯ ನಿಲ್ದಾಣದಲ್ಲಿ ರೈಲು ನಿಂತಿತು. ಓರ್ನೆಲ್ಲಳ ಅಂಗಿ ಬೆನ್ನಿಗೆ ಅಂಟಿತ್ತು. ಬ್ರೊನ್ವಿನ್ ಎದ್ದು, ಮಡಚು ಕುರ್ಚಿಯನ್ನು ಗೋಡೆಗೆ ಒರಗಿಸಿ, ಬಾಗಿಲು ತೆರೆದರು.

"ಅಲ್ಲಿ ಶೌಚಾಲಯ ಇದೆ, ಹೋಗಿ ಬಾ. ಹೊತ್ತಿದೆ. ವಾಪಸ್ಸು ನೀನೇ ತಗೊಂಡು ಹೋಗು. ನಾನು ಹಿಂದಿನ ಡಬ್ಬೀಲಿ ಕೂತು ಪೇಪರ್ ಓದ್ತೀನಿ."

ಅದರ ಅರ್ಥ ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ತಾನು ಪಾಸಾದೆನೆಂದು ತಿಳಿದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಭಯವೇ. ಇನ್ನು ಮೇಲೆ ಕಿಟಕಿ ಸರಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಅವಳು ಹೋಗಿ ಬಂದಳು, ಮುಖ ತೊಳೆದಳು, ರೈಲಿನ ಇನ್ನೊಂದು ತುದಿಯ ಕೋಣೆಗೆ ಹತ್ತಿ ಕೂತಳು. ಕುರ್ಚಿ, ಹಿಡಿ, ದೊಡ್ಡ ಗಾಜು. ಹೊಟ್ಟೆ ಮೆಲ್ಲಗೆ ಗೊಣಗಿತು. ಕಿಟಕಿಯನ್ನು ತಾನೇ ಒಂದಿಷ್ಟು ಸರಿಸಿಕೊಂಡಳು.

ಮರಳಿ ಬರುವಾಗ ಎದುರಿನ ಪ್ಲಾಟ್‌ಫಾರ್ಮಿನಲ್ಲಿ, ಸೇತುವೆ ದಾಟಿ ಈ ಕಡೆಗೆ ಬಂದು, ಅವರಿಬ್ಬರೂ ಇನ್ನೂ ಕಾಯುತ್ತಿದ್ದರು. ಇಮ್ಮಾಕೊಲಾತ ಮೊದಲು ಅವಳನ್ನು ನೋಡಿದರು, ಆಮೇಲೆ ಅವಳ ಪಕ್ಕದ ಖಾಲಿ ಜಾಗವನ್ನು. ಅಂಗೈ ಮತ್ತೆ ಹೊಟ್ಟೆಯ ಮೇಲೆ ಹೋಯಿತು, ಹುಬ್ಬು ಮೇಲೇರಿತು.

ಓರ್ನೆಲ್ಲ ಒಂದು ಕೈಯನ್ನು ಹಿಡಿಯ ಮೇಲೇ ಇಟ್ಟುಕೊಂಡು, ಇನ್ನೊಂದನ್ನು ಗಾಜಿನ ಹತ್ತಿರ ತಂದು, ಹಾಗೂ ಹೀಗೂ ಎಂಬಂತೆ ಅಲುಗಿಸಿದಳು. ಅತ್ತೆ ತಲೆಯಾಡಿಸಿದರು. ಸೊಸೆ ಸುಳ್ಳು ಹೇಳಲಿಲ್ಲವಲ್ಲ ಎಂಬ ಸಮಾಧಾನ ಆ ಮುಖದಲ್ಲಿ ಕಂಡಿತು. ಕೈಚೀಲದಿಂದ ಏನನ್ನೋ ಅರ್ಧ ತೆಗೆದು ತೋರಿಸಿದರು. ಪುದೀನಾ ಕಟ್ಟು. ಸಂಜೆಗೆ.

ಬಾಗಿಲುಗಳು ಮುಚ್ಚಿದವು. ಸಿಗ್ನಲ್ ಹಸಿರಾಗಿತ್ತು. ಮುಂದಿನ ನಿಲ್ದಾಣದವರೆಗೆ, ಅಷ್ಟೇ, ಎಂದುಕೊಂಡು ಅವಳು ಹಿಡಿಯನ್ನು ಮುಂದಕ್ಕೆ ತಳ್ಳಿದಳು.